ಜ್ವರದ ದಿನ ಮನೆ ತೋರಿಸಿದ್ದು

ಗ್ರಂಥಾಲಯದ ಗುಮಾಸ್ತನ ಬಾಯಿಗೆ ಹುಟ್ಟಿದಾಗಿನಿಂದ ಒಂದು ಮಾತು ಬಂದೇ ಇರಲಿಲ್ಲ. ಅದು "ಆಗಲ್ಲ" ಎಂಬ ಮಾತು. ಪುಸ್ತಕ ತಡವಾಗಿ ತಂದವರು ದಂಡ ಬಿಟ್ಟುಬಿಡಿ ಎಂದರೆ "ಆಗ್ಲಿ" ಅನ್ನುತ್ತಿದ್ದ. ಪಕ್ಕದ ಮೇಜಿನವನು ನನ್ನ ಭಾನುವಾರದ ಪಾಳಿ ನೀವೇ ಮಾಡಿ ಎಂದರೂ "ಆಗ್ಲಿ". ಬೀದಿಯವರು ಅವನಿಗೆ ಆಗ್ಲಿರಾಯ ಎಂದೇ ನಾಮಕರಣ ಮಾಡಿದ್ದರು. ಅದಕ್ಕೂ ಅವನು ಆಗಲ್ಲ ಅಂದಿರಲಿಲ್ಲ.

ಹಾಗಾಗಿ ಅವತ್ತು ಬೆಳಿಗ್ಗೆ ಏಳೂವರೆಗೆ ಮನೆ ದಳ್ಳಾಳಿ ಫೋನು ಮಾಡಿ, "ಹತ್ತೂವರೆಗೆ ಒಂದು ಪಾರ್ಟಿ ಕಳಿಸ್ತೀನಿ, ಮನೆ ತೋರಿಸ್ತೀರಾ?" ಎಂದು ಕೇಳಿದಾಗ, ಹಿಂದೆ ತಿರುಗಿ ನೋಡುವ ಮೊದಲೇ ಬಾಯಿ "ಆಗ್ಲಿ" ಎಂದುಬಿಟ್ಟಿತು. ತಿರುಗಿ ನೋಡಿದ. ಮಂಚದ ಮೇಲೆ ಎರಡು ಕಂಬಳಿಗಳು ಎರಡು ಗುಡ್ಡಗಳ ಹಾಗೆ ಏರಿಳಿಯುತ್ತಿದ್ದವು. ಒಂದರೊಳಗೆ ಹೆಂಡತಿ, ನೂರಾ ಎರಡು ಡಿಗ್ರಿ. ಇನ್ನೊಂದರೊಳಗೆ ಅತ್ತೆ, ನೂರಾ ಒಂದೂವರೆ.

"ಅಲ್ಲಾ... ಮನೇಲಿ ಸ್ವಲ್ಪ ಜ್ವರ..." ಎಂದು ಫೋನಿನಲ್ಲಿ ರಾಗ ಎಳೆದ.

"ಅಯ್ಯೋ, ಜ್ವರದವರನ್ನ ಇಟ್ಕೊಂಡು ಮನೆ ತೋರಿಸ್ತಾರೇನ್ರೀ? ಮುಲಾಮಿನ ವಾಸನೆಗೇ ಜನ ಓಡಿಹೋಗ್ತಾರೆ. ಅವರನ್ನ ಎಲ್ಲಾದರೂ ಸರಿಸಿ."

"ನೀವಾದ್ರೂ ಬಂದು..."

"ನಾನು ಬರಲ್ಲ ಸ್ವಾಮಿ. ನನಗೂ ಜ್ವರ. ಹುಷಾರಿಲ್ಲದಾಗ ಇನ್ನೊಬ್ಬರ ಮನೆಗೆ ಹೋಗಬಾರದು. ಅದೊಂದು ಮರ್ಯಾದೆ," ಎಂದು ದಳ್ಳಾಳಿ ಫೋನಿಟ್ಟರು.

ಮನೆ ಮಾರಾಟಕ್ಕಿಟ್ಟು ಎಂಟು ತಿಂಗಳಾಗಿತ್ತು. ಕೆಳಗೆ ಅಡುಗೆಮನೆ, ನಡುಮನೆ. ಮಲಗುವ ಕೋಣೆಗಳು, ಬಚ್ಚಲು ಎಲ್ಲ ಮಹಡಿಯ ಮೇಲೆ. ನಡುವೆ ಹದಿನಾರು ಮೆಟ್ಟಿಲು. ಆ ಹದಿನಾರು ಮೆಟ್ಟಿಲು ಅತ್ತೆಯ ಎರಡು ಮಂಡಿಗಳನ್ನು ತಿಂದುಹಾಕಿದ್ದವು. ಮೆಟ್ಟಿಲಿಲ್ಲದ ಒಂದು ಮನೆಯನ್ನು ಗಂಡ ಹೆಂಡತಿ ನೋಡಿಟ್ಟಿದ್ದರು. ಆ ಮನೆಯವರು ಈ ವಾರದವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ಇಷ್ಟು ದಿನದಲ್ಲಿ ಮನೆ ನೋಡಲು ಬಂದವರು ಆರು ಮಂದಿ; ಎರಡನೇ ಸಲ ಬಂದವರು ಯಾರೂ ಇಲ್ಲ.

ಗುಮಾಸ್ತ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ಒಂದೇ ಒಂದು ಗಂಟೆ. ಸಿಸ್ಟರಕ್ಕನ ಮನೇಲಿ ಮಲಗಿದ್ದರೆ..."

ಹೆಂಡತಿ ಒಂದು ಕಣ್ಣು ತೆರೆದಳು. ಆ ಒಂದೇ ಕಣ್ಣಿನಲ್ಲಿ ಇಬ್ಬರನ್ನು ಸುಡುವಷ್ಟು ಕಾವಿತ್ತು. "ಅಮ್ಮನ್ನೂ?"

"ಅಮ್ಮನ ಮಂಡಿಗೋಸ್ಕರ ತಾನೇ ಇದೆಲ್ಲ?"

ಹೆಂಡತಿ ಕಂಬಳಿ ಸುತ್ತಿಕೊಂಡು ಎದ್ದಳು.

ಸಿಸ್ಟರಕ್ಕ ಬಲಗಡೆ ಮನೆಯವರು; ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ರೋಗಿಗಳು ಬರುತ್ತಾರೆ ಎಂದು ಕೇಳಿದ್ದೇ ಅವರ ಮುಖ ಮದುವೆಮನೆಯಾಯಿತು. ಆದರೆ ಕಾರಣ ಕೇಳಿದ ಮೇಲೆ ಗುಮಾಸ್ತನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನಾಚಿಕೆ ಆಗಲ್ವೇನ್ರೀ?" ಎಂದರು. ಆಗುತ್ತಿತ್ತು. ಆದರೆ ಹತ್ತೂವರೆಗೆ ಜನ ಬರುವವರಿದ್ದರು.

ಅತ್ತೆಗೆ ಮೆಟ್ಟಿಲಿಳಿಯಲು ಆಗಲಿಲ್ಲ. ಎಡಗಡೆ ಮನೆಯ ಗಡಿಯಾರದವರನ್ನು ಕರೆಯಬೇಕಾಯಿತು. ಗಡಿಯಾರ ರಿಪೇರಿ ಮಾಡುವ ಅವರಿಗೆ ಐವತ್ತೆಂಟು ವರ್ಷ, ಮದುವೆ ಇಲ್ಲ, ಮಾತೂ ಕಡಿಮೆ. ತಿಜೋರಿಯಂಥ ಮನುಷ್ಯ, ಏನು ಹಾಕಿದರೂ ಒಳಗೇ ಇರುತ್ತದೆ. ಏಕೆ ಏನು ಎಂದು ಕೇಳದೆ ಬಂದರು. ಅತ್ತೆಯನ್ನು ಬೆತ್ತದ ಕುರ್ಚಿಯ ಮೇಲೆ ಕೂರಿಸಿ, ಮೇಲಿನ ತುದಿಯನ್ನು ಗುಮಾಸ್ತನಿಗೆ ಕೊಟ್ಟು, ಕೆಳಗಿನ ಭಾರವನ್ನೆಲ್ಲ ತಮ್ಮ ಕಡೆಗೇ ಇಟ್ಟುಕೊಂಡು, ಒಂದೊಂದೇ ಮೆಟ್ಟಿಲು ಇಳಿಸಿದರು. ಬೀದಿಗೆ ಬಂದಾಗ ಅತ್ತೆ ಕಣ್ಣು ಬಿಟ್ಟು, "ಎಲ್ಲಿಗಪ್ಪಾ ನನ್ನ ಮೆರವಣಿಗೆ?" ಎಂದರು. ಎದುರುಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಗುಮಾಸ್ತನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅವನು ಮನೆಯನ್ನು ಉಜ್ಜಿದ. ಮಾತ್ರೆಯ ಚೀಟಿ, ಹಬೆ ಹಿಡಿದ ಪಾತ್ರೆ, ಬಿಸಿನೀರಿನ ಚೀಲ ಎಲ್ಲ ಮಂಚದಡಿ ಹೋದವು. ಹಾಸಿಗೆಗೆ ಇಸ್ತ್ರಿ ಮಾಡಿದ ಹೊದಿಕೆ ಹಾಸಿದ. ಮನೆ ಎಷ್ಟು ಚೊಕ್ಕಟವಾಯಿತೆಂದರೆ, ಅದರಲ್ಲಿ ಯಾರೂ ಎಂದೂ ಕೆಮ್ಮಿಯೇ ಇಲ್ಲವೇನೋ ಅನ್ನಿಸುವಂತಾಯಿತು.

ಬಂದವರು ಗಂಡ ಹೆಂಡತಿ. ಆಕೆ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಗುಮಾಸ್ತನಿಗೆ ಕೈಕಟ್ಟಿ ನಿಲ್ಲಬೇಕು ಅನ್ನಿಸಿತು. ಯಜಮಾನರ ಕೈಯಲ್ಲಿ ಅಳತೆ ಟೇಪು, ಕಿಸೆಯಲ್ಲಿ ಪುಟ್ಟ ಪುಸ್ತಕ. ಅವರು ಮಾತಾಡುತ್ತಿರಲಿಲ್ಲ, ಅಳೆದು ಬರೆದುಕೊಳ್ಳುತ್ತಿದ್ದರು.

"ಮನೇಲಿ ಬೇರೆ ಯಾರೂ ಇಲ್ವಾ?"

"ಇದಾರೆ... ಇಲ್ಲ. ಹೆಂಡತಿ, ಅತ್ತೆ ಇಬ್ಬರೂ ಊರಿಗೆ ಹೋಗಿದಾರೆ. ಹವಾ ಬದಲಾವಣೆಗೆ."

ಅಷ್ಟರಲ್ಲಿ ಬಲಗಡೆ ಗೋಡೆಯೊಳಗಿಂದ ಕೆಮ್ಮು ಕೇಳಿಸಿತು. ಮೂರು ಗಿಡ್ಡ, ಒಂದು ಉದ್ದ. ಅತ್ತೆಯ ಕೆಮ್ಮು ಗುಮಾಸ್ತನಿಗೆ ಸ್ವಂತ ದನಿಯಷ್ಟು ಪರಿಚಿತ.

"ಏನದು ಸದ್ದು?" ಎಂದರು ಯಜಮಾನರು, ಬಂದಮೇಲೆ ಮೊದಲ ಬಾರಿಗೆ ಬಾಯಿಬಿಟ್ಟು.

"ಪೈಪು," ಎಂದ ಗುಮಾಸ್ತ. "ನೀರಿನ ಪೈಪು."

ಯಜಮಾನರು ಪುಸ್ತಕ ತೆಗೆದು 'ಪೈಪು ರಿಪೇರಿ' ಎಂದು ಬರೆದುಕೊಂಡರು.

ಮಹಡಿ ಹತ್ತಿದರು. ಕೋಣೆ ನೋಡಿದರು, ಕಿಟಕಿ ತೆರೆದು ಮುಚ್ಚಿದರು. ಹೆಡ್‌ಮಿಸ್ಟ್ರೆಸ್ಸರ ಮುಖ ಅರಳುತ್ತಾ ಹೋಯಿತು. "ನಮಗೆ ಮೆಟ್ಟಿಲು ಇಷ್ಟ. ವ್ಯಾಯಾಮ ಆಗುತ್ತೆ," ಎಂದರು. ಗುಮಾಸ್ತನ ಎದೆಯೊಳಗೆ ಡೋಲು ಬಾರಿಸಿದಂತಾಯಿತು. ಎಂಟು ತಿಂಗಳಲ್ಲಿ ಆ ಮೆಟ್ಟಿಲುಗಳನ್ನು ಹೊಗಳಿದವರು ಇವರೇ ಮೊದಲು.

"ಆದರೆ ಒಂದು ವಿಷಯ," ಎಂದು ಆಕೆ ಹಾಸಿಗೆಯ ಅಂಚಿನಲ್ಲಿ ಕೂತರು. "ಬರೋವಾಗ ಮೂಲೆ ಮೆಡಿಕಲ್ ಶಾಪಲ್ಲಿ ನಿಂತಿದ್ವಿ. ಅಲ್ಲೊಬ್ಬರು ನರ್ಸಮ್ಮ ಮಾತ್ರೆ ತಗೋತಾ ಅಂಗಡಿಯವನ ಹತ್ತಿರ ಹೇಳ್ತಿದ್ರು. ಈ ಬೀದೀಲಿ ಒಬ್ಬ ಗಂಡ ಇದಾನಂತೆ. ಮನೆ ಚೊಕ್ಕಟ ಇರಬೇಕು ಅಂತ, ನೂರಾ ಎರಡು ಜ್ವರದಲ್ಲಿ ಮಲಗಿದ್ದ ಹೆಂಡ್ತೀನೂ ಅತ್ತೇನೂ ಎಬ್ಬಿಸಿ ಹೊರಗೆ ಹಾಕಿದ್ನಂತೆ! ವಯಸ್ಸಾದವರನ್ನ ಕುರ್ಚಿ ಸಮೇತ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಗುಮಾಸ್ತ ತನ್ನ ಹೆಗಲನ್ನೇ ಸವರಿಕೊಂಡ. ಕುರ್ಚಿ ಹೊತ್ತ ಹೆಗಲು ಇನ್ನೂ ನೋಯುತ್ತಿತ್ತು.

"ಛೆ," ಎಂದ.

"ಮನುಷ್ಯನಾ ಅವನು?"

"ಛೆ ಛೆ. ಮನುಷ್ಯನೇ ಅಲ್ಲ."

"ಅವನಿಗೆ ಜ್ವರ ಬಂದಾಗ ಗೊತ್ತಾಗುತ್ತೆ."

"ಬರಬೇಕು. ಬರಲೇಬೇಕು," ಎಂದು ಗುಮಾಸ್ತ ತನಗೆ ತಾನೇ ಶಾಪ ಹಾಕಿಕೊಂಡ.

"ಯಾವ ಮನೆ ಅವನದು?"

ಇಲ್ಲಿ ನಿಜ ಹೇಳಬಹುದಿತ್ತು. ಬಾಯಿ ತೆರೆದ. ಆದರೆ ಆಕೆಯ ಕಣ್ಣು ನೋಡಿದ್ದೇ ಬೆರಳು ತಾನಾಗಿ ಎದ್ದು ಎಡಗಡೆ ಗೋಡೆಯ ಕಡೆ ತಿರುಗಿತು. ಬಲಗಡೆ ತೋರಿಸಿದರೆ ಸಿಸ್ಟರಕ್ಕನ ಮನೆ, ಉಳಿದದ್ದು ಎಡ. ಅಷ್ಟೇ ಯೋಚನೆ. ಬೆರಳು ಇಳಿಸಿದ ಮೇಲೆ, ಆ ಗೋಡೆಯಾಚೆ ಯಾರಿದ್ದಾರೆ ಎಂಬುದು ನೆನಪಾಯಿತು.

ಕೆಟ್ಟ ಗಳಿಗೆ ಒಂಟಿಯಾಗಿ ಬರುವುದಿಲ್ಲ. ಅವರು ಕೆಳಗಿಳಿದು ಬಾಗಿಲಿಗೆ ಬರುವುದಕ್ಕೂ ಸಿಸ್ಟರಕ್ಕನ ಮನೆಗೆ ಹೊರಟ ಗಡಿಯಾರದವರು ಹೊರಗಿನ ಮೆಟ್ಟಿಲ ಬಳಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕೈಯಲ್ಲಿ ಫ್ಲಾಸ್ಕು. "ಅಮ್ಮಂಗೆ ಬಿಸಿನೀರು..." ಎಂದರು.

"ಎಡಗಡೆ ಮನೆಯವರು ನೀವೇನಾ?" ಹೆಡ್‌ಮಿಸ್ಟ್ರೆಸ್ ಕೇಳಿದರು.

"ಹೌದು."

"ಈಗ ಬಿಸಿನೀರು ತಗೊಂಡು ಹೊರಟ್ರಾ? ಹೆಂಡ್ತಿಗೆ ನೂರಾ ಎರಡು ಜ್ವರ ಇರೋವಾಗ ಮನೆಯಿಂದ ಹೊರಗೆ ಹಾಕ್ತೀರಲ್ಲ, ಎದೆಯಲ್ಲಿ ಕಲ್ಲಿಟ್ಟಿದಾನಾ ದೇವರು?"

ಗಡಿಯಾರದವರು ಹಿಂದೆ ತಿರುಗಿ, ಬೇರೆ ಯಾರಾದರೂ ನಿಂತಿದ್ದಾರಾ ಎಂದು ನೋಡಿದರು. ಯಾರೂ ಇರಲಿಲ್ಲ.

"ಹೆಂಡ್ತಿನಾ?" ಎಂದರು. "ನನಗಾ?"

"ಹೆಂಡ್ತಿ ಇರೋದೇ ಮರೆತುಹೋಯ್ತಾ?"

ಗಡಿಯಾರದವರು ಆಕೆಯ ಹಿಂದೆ ನಿಂತಿದ್ದ ಗುಮಾಸ್ತನ ಮುಖ ನೋಡಿದರು. ಆ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಎರಡೂ ಕೈ ಜೋಡಿಸಿ ಎದೆಗಿಟ್ಟುಕೊಂಡಿದ್ದ. ಗಡಿಯಾರ ಬಿಚ್ಚಿದೊಡನೆ ಯಾವ ಚಕ್ರ ಕೆಟ್ಟಿದೆ ಎಂದು ಹೇಳಬಲ್ಲ ಮನುಷ್ಯ. ತಲೆ ತಗ್ಗಿಸಿ, "ತಪ್ಪಾಯ್ತು ತಾಯಿ," ಎಂದರು. "ಇನ್ನು ಮೇಲೆ ಹಾಗೆ ಮಾಡಲ್ಲ." ಫ್ಲಾಸ್ಕನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದರು.

ಗುಮಾಸ್ತನಿಗೆ ಯಾರಾದರೂ ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೆಡ್‌ಮಿಸ್ಟ್ರೆಸ್ ನಿಟ್ಟುಸಿರುಬಿಟ್ಟರು. "ಮನೆ ಚೆನ್ನಾಗಿದೆ. ಬೆಳಕಿದೆ, ಗಾಳಿ ಇದೆ. ಆದರೆ ಕ್ಷಮಿಸಿ, ನಮಗೆ ಬೇಡ. ಅಂಥವನ ಗೋಡೆಗೆ ಗೋಡೆ ಹಚ್ಕೊಂಡು ಹೇಗೆ ಬದುಕೋದು? ನಾಳೆ ನನಗೂ ಇವರಿಗೂ ಹುಷಾರು ತಪ್ಪಿದರೆ ನೋಡೋರು ಯಾರು?"

ಅವರು ಬೀದಿಯ ಅರ್ಧ ದಾಟಿದ್ದರು. ಗುಮಾಸ್ತ ಬರಿಗಾಲಲ್ಲಿ ಓಡಿದ.

"ಅಮ್ಮಾ, ನಿಲ್ಲಿ! ಆ ಗಂಡ ಅವರಲ್ಲ. ಅವರಿಗೆ ಮದುವೇನೇ ಆಗಿಲ್ಲ. ಆ ಗಂಡ ನಾನು."

ಬೀದಿಯ ಕಿಟಕಿಗಳಿಗೆಲ್ಲ ಕೇಳಿಸುವಷ್ಟು ಜೋರಾಗಿ ಬಂತು ಆ ಮಾತು. ಹೆಡ್‌ಮಿಸ್ಟ್ರೆಸ್ ಅವನನ್ನೇ ನೋಡುತ್ತಾ ನಿಂತರು.

"ಹಾಗಾದ್ರೆ ಪೈಪು?" ಎಂದರು ಯಜಮಾನರು.

"ಅದು ನಮ್ಮತ್ತೆ."

ಯಜಮಾನರು ಪುಸ್ತಕ ತೆಗೆದು 'ಪೈಪು ರಿಪೇರಿ'ಯನ್ನು ಹೊಡೆದುಹಾಕಿದರು.

ಗುಮಾಸ್ತ ಎಲ್ಲವನ್ನೂ ಹೇಳಿದ: ಮಂಡಿ, ಮೆಟ್ಟಿಲು, ದಳ್ಳಾಳಿ, ಕುರ್ಚಿಯ ಕೆಳಗಿನ ಭಾರ ಯಾರು ಹೊತ್ತರು ಎಂಬುದು. ಹೇಳುತ್ತಾ ಹೇಳುತ್ತಾ ಮೈ ಬಿಸಿಯೇರಿತು. ನಾಚಿಕೆ ಎಂದುಕೊಂಡ.

ಹೆಡ್‌ಮಿಸ್ಟ್ರೆಸ್ ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಂದ್ರೆ ಮಾಡದ ತಪ್ಪು ಒಪ್ಪಿಕೊಂಡ ಆ ದೇವರಂಥ ಮನುಷ್ಯ ಇಲ್ಲೇ ಇರ್ತಾರೆ. ನರ್ಸಮ್ಮನೂ ಇಲ್ಲೇ ಇರ್ತಾರೆ. ಹೋಗೋರು ನೀವು."

"ಹೌದಮ್ಮಾ. ನಾನೇ ಹೋಗೋದು!" ಎಂದ ಗುಮಾಸ್ತ ಆಸೆಯಿಂದ.

"ಹಾಗಿದ್ರೆ ಮನೆ ನಮಗೆ ಒಪ್ಪಿಗೆ. ಪತ್ರ ಯಾರ ಹೆಸರಲ್ಲಿದೆ?"

"ಅತ್ತೆಯವರ ಹೆಸರಲ್ಲಿ."

"ನಡೀರಿ. ಮೊದಲು ಅವರ ಹತ್ತಿರ ಕ್ಷಮೆ ಕೇಳಿ. ಆಮೇಲೆ ಒಪ್ಪಿಗೆ ಕೇಳೋಣ."

ಸಿಸ್ಟರಕ್ಕನ ಮನೆಯ ಕೆಳಗಿನ ಕೋಣೆಯಲ್ಲಿ ಅತ್ತೆ ದಿಂಬಿಗೊರಗಿ ಕೂತಿದ್ದರು. ಜ್ವರ ಇಳಿದಿತ್ತು. ಪಕ್ಕದಲ್ಲಿ ಹೆಂಡತಿ ಗೋಡೆಗೆ ಕಿವಿಗೊಟ್ಟು ಕೂತ ಭಂಗಿ ನೋಡಿದರೆ, ಆ ಗೋಡೆ ಎಷ್ಟು ತೆಳು ಎಂಬುದು ಗೊತ್ತಾಗುತ್ತಿತ್ತು. ಗುಮಾಸ್ತ ಕ್ಷಮೆ ಕೇಳಿದ. ಅತ್ತೆ ಕೇಳಿಸಿಕೊಂಡರು. ಹೆಡ್‌ಮಿಸ್ಟ್ರೆಸ್, ಮನೆ ತಮಗೆ ಹಿಡಿಸಿದೆ, ಅವರು ಒಪ್ಪಿದರೆ ಮಾತು ಮುಗಿದ ಹಾಗೆ ಎಂದರು.

"ನಾನು ಮಾರಲ್ಲ," ಎಂದರು ಅತ್ತೆ.

"ಅತ್ತೇ! ನಿಮ್ಮ ಮಂಡಿಗೋಸ್ಕರ..."

"ಅಳಿಯಂದಿರೇ, ಮಂಡಿ ನಂದು. ಮನೆಯೂ ನಂದು. ಎಂಟು ತಿಂಗಳಿಂದ ಊರೋರನ್ನೆಲ್ಲ ಕೇಳಿದ್ರಿ, ನನ್ನ ಕೇಳಿದ್ರಾ?" ಅತ್ತೆ ಕಂಬಳಿ ಸರಿಮಾಡಿಕೊಂಡರು. "ಇವತ್ತು ಮೂರು ಗಂಟೆ ಹೊತ್ತು ಇಲ್ಲಿ ಮಲಗಿದೀನಿ. ಒಂದು ಮೆಟ್ಟಿಲಿಲ್ಲ. ಬಚ್ಚಲು ಎರಡು ಹೆಜ್ಜೆ. ಸಿಸ್ಟರಮ್ಮ, ಈ ಕೋಣೆ ಖಾಲಿ ಬಿದ್ದಿದೆ, ಇಲ್ಲೇ ಇರಿ ಅಂತಿದಾರೆ. ನಾನು ಇಲ್ಲೇ ಇರ್ತೀನಿ."

"ಅಮ್ಮನ್ನ ಒಬ್ಬಳನ್ನೇ ಬಿಡೋಕಾಗುತ್ತಾ? ನಾನೂ ಇಲ್ಲೇ ಇರ್ತೀನಿ," ಎಂದಳು ಹೆಂಡತಿ.

"ಮತ್ತೆ ನಾನು?"

"ಮನೆ ಚೊಕ್ಕಟವಾಗಿದೆಯಂತಲ್ಲ," ಎಂದಳು.

ಹೆಡ್‌ಮಿಸ್ಟ್ರೆಸ್ ಎದ್ದು ಅತ್ತೆಯ ಕೈ ಒತ್ತಿ, "ಸರಿಯಾಗಿ ಹೇಳಿದ್ರಿ," ಎಂದು ಹೊರಟರು. ಯಜಮಾನರು ಟೇಪು ಸುತ್ತಿ ಕಿಸೆಗೆ ಹಾಕಿಕೊಂಡರು.

ಗುಮಾಸ್ತ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಗೋಡೆ ಹಿಡಿದುಕೊಂಡ. ಸಿಸ್ಟರಕ್ಕ ಹಣೆ ಮುಟ್ಟಿ ನೋಡಿ, ಥರ್ಮಾಮೀಟರನ್ನು ಅವನ ನಾಲಿಗೆಯಡಿ ತುರುಕಿದರು. ನೂರಾ ಎರಡೂವರೆ.

"ಇಲ್ಲಿ ಹಾಸಿಗೆ ಇರೋದು ಎರಡೇ," ಎಂದರು. "ನಿಮ್ಮನೇಲೇ ಮಲಕ್ಕೊಳ್ಳಿ."

ಹದಿನಾರು ಮೆಟ್ಟಿಲನ್ನು ಅವನು ಕೈಕಾಲು ನಾಲ್ಕೂ ಊರಿ ಹತ್ತಿದ. ಇಸ್ತ್ರಿ ಹಾಕಿದ ಹೊದಿಕೆಯ ಮೇಲೆ ಬಿದ್ದ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಗಡಿಯಾರದವರು ಬಂದು, ಕುರ್ಚಿ ಎಳೆದುಕೊಂಡು ಕೂತು, ಲೋಟಕ್ಕೆ ಬಿಸಿನೀರು ಬಗ್ಗಿಸಿದರು. ಗುಮಾಸ್ತ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಹಲ್ಲು ಕಟಕಟ ಎಂದಿತು.

"ಇರಲಿ ಬಿಡಿ," ಎಂದರು ಗಡಿಯಾರದವರು, ಲೋಟವನ್ನು ಅವನ ತುಟಿಗೆ ಹಿಡಿದು. "ಐವತ್ತೆಂಟು ವರ್ಷದಲ್ಲಿ ನನ್ನನ್ನ ಯಾರೂ ಗಂಡ ಅಂತ ತಿಳ್ಕೊಂಡು ಬೈದಿರಲಿಲ್ಲ." ಸ್ವಲ್ಪ ಯೋಚಿಸಿ ಹೇಳಿದರು: "ಅಷ್ಟೇನೂ ಕೆಟ್ಟದಾಗಿರಲಿಲ್ಲ."

ಗುಮಾಸ್ತ ಕಂಬಳಿಯನ್ನು ಮುಖದ ಮೇಲೆಳೆದುಕೊಂಡ.