ಗ್ರಾಫಿಕ್ಸ್ ಕಾರ್ಡಿಗೆ ನಾನು ಕೊಟ್ಟ ಸರ್ಟಿಫಿಕೇಟು

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಪಂಪುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪರೀಕ್ಷೆ ಮಾಡದೆ ನಾನು ಮನೆಯ ನಲ್ಲಿಯನ್ನೂ ತಿರುಗಿಸುವವನಲ್ಲ. ಆದ್ದರಿಂದ ಹೆಂಡತಿ ಗಿರಿಜಾಳ ಲ್ಯಾಪ್‌ಟಾಪು ತೆವಳತೊಡಗಿದಾಗ, ಅದರಲ್ಲಿದ್ದ ವಿಂಡೋಸ್ ತೆಗೆದು ಹಗುರವಾದ ಲಿನಕ್ಸ್ ಹಾಕುವ ಗುರುತರ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ಹೊತ್ತುಕೊಂಡೆ.

ಕಸೂತಿಯಲ್ಲಿ ಗಿರಿಜಾ ಎತ್ತಿದ ಕೈ. ಭಾನುವಾರ ಬೆಳಿಗ್ಗೆ ಅವಳ ಮೊದಲ ಆನ್‌ಲೈನ್ ಕ್ಲಾಸು. ಬೆಳಗಾವಿ, ಪುಣೆ ಕಡೆಯ ಹೆಂಗಸರು ಸೇರಿಕೊಂಡಿದ್ದರು. ಇಷ್ಟು ದಿನ ನಮ್ಮ ಬಡಾವಣೆ ಬಂಗೂರನಗರದ ನಾಲ್ಕು ಮನೆಗಳಿಗೆ ಮಾತ್ರ ಗೊತ್ತಿದ್ದ ಅವಳ ಕೈಗುಣ ಹೊರಗಿನವರ ಕಣ್ಣಿಗೆ ಬೀಳುವ ಹೊತ್ತು. ಕ್ಲಾಸು ಮುಗಿಯುವ ತನಕ ಲ್ಯಾಪ್‌ಟಾಪು ಮುಟ್ಟಬೇಡಿ ಎಂದು ಅವಳು ಹೇಳಿದಳು. ನಡುವೆ ಅದು ನಿಂತುಬಿಟ್ಟರೆ ಮಾನ ಹೋಗುವುದಿಲ್ಲವೇ ಎಂದು ನಾನು ಕೇಳಿದೆ. ಹೆದರಿಸಿ ಒಪ್ಪಿಸಿದೆ ಅನ್ನಿ.

ಪರದೆಯ ಮೇಲೆ ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಕಾರ್ಡು. ಅದು ಲಿನಕ್ಸಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಪರದೆ ಕಪ್ಪಾದೀತು ಎಂದು ಇಂಟರ್ನೆಟ್ಟಿನಲ್ಲಿ ಬಲ್ಲವರೆಲ್ಲ ಬರೆದಿದ್ದರು. ನೋಡೋಣವೆಂದರೆ ಲ್ಯಾಪ್‌ಟಾಪು ಸದಾ ಗಿರಿಜಾಳ ಮುಂದೆಯೇ. ಆದರೆ ನಾನು ಪಂಪಿನ ಮನುಷ್ಯ! ಕಾರ್ಖಾನೆಯಲ್ಲಿ ಪಂಪುಗಳು ಜೋಡಿಯಾಗಿರುತ್ತವೆ. ಒಂದು ಓಡುತ್ತಿರುತ್ತದೆ, ಅದರಂಥದೇ ಇನ್ನೊಂದು ಸ್ಟ್ಯಾಂಡ್‌ಬೈ ಆಗಿ ಕಾಯುತ್ತಿರುತ್ತದೆ. ಓಡುವುದರ ಒಳಗೇನಿದೆ ಎಂದು ತಿಳಿಯಬೇಕಾದರೆ ಅದನ್ನು ನಿಲ್ಲಿಸುವುದಿಲ್ಲ, ನಿಂತಿದ್ದನ್ನು ಬಿಚ್ಚಿ ನೋಡುತ್ತೇವೆ. ನಮ್ಮ ಮನೆಯಲ್ಲೂ ಲ್ಯಾಪ್‌ಟಾಪುಗಳು ಜೋಡಿಯೇ. ಒಂದೇ ದಿನ, ಹುಬ್ಬಳ್ಳಿಯ ಒಂದೇ ಅಂಗಡಿಯಲ್ಲಿ, ಒಂದೇ ಮಾದರಿ, ಒಂದೇ ಬಣ್ಣ ನೋಡಿ ತಂದವು. ನನ್ನದನ್ನು ತೆರೆದು ಕಾರ್ಡಿನ ಹೆಸರು ಹುಡುಕಿದೆ. ಹೊಂದುತ್ತದೆ ಎಂದು ಓದಿದೆ. ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿಯೂ ನೋಡಿದೆ. ಪರದೆ ಫಳಫಳ! ತಪಾಸಣೆಯು ಯಶಸ್ವಿಯಾಗಿ ಮುಗಿದಿದೆಯೆಂದು ಮನೆಯಲ್ಲಿ ಘೋಷಿಸಿದೆ.

ಶನಿವಾರ ಸಂಜೆ ಅವಳ ಕಸೂತಿ ಚಿತ್ರಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು (ಅಷ್ಟು ಬುದ್ಧಿ ನನಗಿದೆ) ಅವಳ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದೆ. ಎಲ್ಲ ಮುಗಿಯಿತು ಎಂದಿತು. ಆರಿಸಿ ಮತ್ತೆ ಚಾಲೂ ಮಾಡಿದೆ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು. ಪಕ್ಕದ ಮನೆಯ ಹಿರೇಮಠರು ಬಂದು, ಬಗ್ಗಿ ನೋಡಿ, ಕರೆಂಟ್ ಇದೆಯೇ ಎಂದು ವಿಚಾರಿಸಿ, ಚಹಾ ಕುಡಿದು ಹೋದರು.

ಊಟಕ್ಕೆ ಬಡಿಸುವಾಗ ಗಿರಿಜಾ, ಕ್ಲಾಸಿಗೆ ಇನ್ನೆಷ್ಟು ತಾಸು ಉಳಿದಿದೆ ಎಂದಷ್ಟೇ ಕೇಳಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು, ಆದರೆ ಅದನ್ನು ತೋರಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ಬೆಳಗಾಗುತ್ತಲೇ, ನನ್ನ ತಪಾಸಣೆಯಲ್ಲಿ ಯಾವ ಲೋಪವೂ ಇಲ್ಲವೆಂದು ಸಾಬೀತುಪಡಿಸಲು, ನನ್ನ ಲ್ಯಾಪ್‌ಟಾಪಿನ ವಿಂಡೋಸನ್ನೂ ಅಳಿಸಿ ಲಿನಕ್ಸ್ ಹಾಕಿದೆ. ಬಂತು ನೋಡಿ ಚಿತ್ರ!

“ಕಾರ್ಡ್ ಹೊಂದತೈತಿ ಅಂತ ನಾ ಹೇಳಿರಲಿಲ್ಲೇನು?” ಎಂದೆ.

“ನೀವು ಚೆಕ್ ಮಾಡಿದ್ದು ಇದನ್ನೇನ್ರಿ?” ಗಿರಿಜಾ ಕೇಳಿದಳು.

“ಎರಡೂ ಒಂದ ಅಲ್ಲೇನು?”

“ನನ್ನದರಾಗ ಬ್ಯಾರೆ ಕಾರ್ಡ್ ಐತಿ. ದಾರದ ಬಣ್ಣ ಛಲೋ ಕಾಣ್ಬೇಕು ಅಂತ ಅಂಗಡ್ಯಾಗ ನಾನ ಕೇಳಿ ತಗೊಂಡೇನಿ. ಆವಾಗ ನೀವು ಮಾಲಕರಿಗೆ ಪಂಪಿನ ಸುದ್ದಿ ಹೇಳಾಕತ್ತಿದ್ರಿ.”

ಆಗಲಿ, ಕ್ಲಾಸು ನನ್ನದರಲ್ಲೇ ನಡೆಯಲಿ ಎಂದು ಉದಾರವಾಗಿ ಬಿಟ್ಟುಕೊಟ್ಟೆ. ಅವಳು ಸೂಜಿ, ದಾರ, ಇಳಕಲ್ ಸೀರೆಯ ತುಂಡು ಇಟ್ಟುಕೊಂಡು ಕುಳಿತಳು. ಪರದೆಯ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಕಾಣಿಸಿಕೊಂಡರು. ಅವರಿಗೆ ಮಾತ್ರ ಗಿರಿಜಾ ಕಾಣಿಸಲಿಲ್ಲ. ಲ್ಯಾಪ್‌ಟಾಪಿನ ಕ್ಯಾಮೆರಾದ ಗುರುತೇ ಲಿನಕ್ಸಿಗೆ ಹತ್ತಲಿಲ್ಲ! ಕ್ಯಾಮೆರಾ ಚೆಕ್ ಮಾಡಿದ್ದಿರಾ ಎಂದು ಅವಳು ಮೆಲ್ಲಗೆ ಕೇಳಿದಳು. ಸದರಿ ತಪಾಸಣೆಯು ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಸೀಮಿತವಾಗಿತ್ತೆಂದು ನಾನು ವಿವರಿಸುವಷ್ಟರಲ್ಲಿ, ತನ್ನ ಮೊಬೈಲಿನಿಂದಲೇ ಕ್ಲಾಸಿಗೆ ಸೇರಿ, ಅದನ್ನು ನನ್ನ ಕೈಗಿಟ್ಟಳು.

ಕಸೂತಿ ಕಲಿಯುವವರಿಗೆ ಬಟ್ಟೆಯ ಎಳೆ ಎಳೆ ಕಾಣಬೇಕು. ಹಾಗಾಗಿ ಅವಳ ಹೆಗಲ ಪಕ್ಕದಲ್ಲಿ ನಿಂತು, ಮೊಬೈಲನ್ನು ಅವಳ ಬೆರಳುಗಳ ಮೇಲೆ ನೇರವಾಗಿ ಹಿಡಿದೆ. ಕ್ಲಾಸು ಮುಗಿಯುವ ತನಕ! ಅವಳು ಗವಂತಿ ಹೊಲಿಗೆ ಹಾಕುತ್ತಾ ಹೋದಳು. ಬಟ್ಟೆಯ ಎರಡೂ ಬದಿ ಒಂದೇ ಥರ, ಎಲ್ಲೂ ಗಂಟಿಲ್ಲ. ಮನೆಯಲ್ಲೇ ನಡೆಯುವ ಈ ಕೆಲಸವನ್ನು ನಾನು ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ. ಬಹಳ ಹೆಮ್ಮೆಯಾಯಿತು. ಹೆಮ್ಮೆಯ ಜೊತೆಗೆ ಮೊಣಕೈಯೂ ನಡುಗತೊಡಗಿತು.

“ಟೀಚರ್, ನಿಮ್ಮ ಸ್ಟ್ಯಾಂಡ್ ಅಳ್ಳಾಡಾಕತ್ತೈತ್ರಿ,” ಎಂದರು ಬೆಳಗಾವಿಯ ಒಬ್ಬರು.

“ಹಳೇದೈತ್ರಿ ಅದು,” ಎಂದಳು ಗಿರಿಜಾ, ಸೂಜಿಯಿಂದ ಕಣ್ಣೆತ್ತದೆ. “ನಮ್ಮಪ್ಪ ಎಲ್ಲಾ ಚೆಕ್ ಮಾಡೇ ತಂದಿದ್ರು.”

ಉತ್ತರ ಕೊಡೋಣವೆಂದರೆ ಮೈಕು ಆನ್ ಇತ್ತು. ಸ್ಟ್ಯಾಂಡು ಮಾತಾಡುವಂತಿರಲಿಲ್ಲ!