ನಮ್ಮ ಮಾವನ ಬೂಷ್ಟು ಸಾಕಾಣಿಕೆ

ಲೋಕದಲ್ಲಿ ಜನ ನಾಯಿ ಸಾಕುತ್ತಾರೆ, ದನ ಸಾಕುತ್ತಾರೆ. ಹೆಮ್ಮಾಡಿಯ ನನ್ನ ಸೋದರಮಾವ ಬೂಷ್ಟು ಸಾಕುತ್ತಾರೆ! ಹುಬ್ಬೇರಿಸಬೇಡಿ. ಅವರ ಸೇವಂತಿಗೆ ಗದ್ದೆಗೆ ಗಿಡದ ರಸ ಹೀರುವ ಕಪ್ಪು ಹೇನು ಬಿದ್ದಿತ್ತು. ಚಿಗುರು ಮುರುಟಿ ಮೊಗ್ಗು ಅರಳದಿದ್ದರೆ ಸಂಕ್ರಾಂತಿಗೆ ಹೂವಿಲ್ಲ. ಸಂಕ್ರಾಂತಿಗೆ ಹೂವಿಲ್ಲವೆಂದರೆ ಇಡೀ ವರ್ಷದ ದುಡಿಮೆ ಮಣ್ಣುಪಾಲು. ನೆರೆಯವರೆಲ್ಲ ಅಂಗಡಿಯಿಂದ ಘಾಟಿನ ಮದ್ದು ತಂದು ಹೊಡೆದರು. ಮಾವ ಮಾತ್ರ ಬ್ರಹ್ಮಾವರದ ಕೃಷಿ ಕೇಂದ್ರಕ್ಕೆ ಹೋಗಿ, ಹೇನಿಗೆ ರೋಗ ಹತ್ತಿಸಿ ಕೊಲ್ಲುವ ಶಿಲೀಂಧ್ರದ ಪುಡಿ ಹಿಡಿದು ಬಂದರು.

ಅಲ್ಲಿಂದ ಶುರುವಾಯಿತು ಉಪಚಾರ. ಪುಡಿಗೆ ಬಿಸಿಲು ತಾಗಬಾರದು, ಸೆಕೆಯಾಗಬಾರದು. ಮನೆಯಲ್ಲಿ ತಂಪಾದ ಜಾಗವೆಂದರೆ ಅತ್ತೆಯ ಉಪ್ಪಿನಕಾಯಿ ಭರಣಿಗಳಿದ್ದ ಮೂಲೆ. ಭರಣಿಗೆ ಬೂಷ್ಟು ಬಾರದಂತೆ ವರ್ಷವಿಡೀ ಬಟ್ಟೆ ಹಿಡಿದು ಕಾಯುವ ಅತ್ತೆಗೆ ಹೇಗಾಗಿರಬೇಡ?

"ಬೂಷ್ಟ್ ಬೇಕಾರೆ ಮಳ್ಗಾಲ್ದಗೆ ನಮ್ಮನಿ ಗ್ವಾಡಿ ತುಂಬ ಇರತ್ತ್. ದುಡ್ಡ್ ಕೊಟ್ಟ್ ತಕಂಬುದ್ ಎಂತಕ್ಕೆ?" ಎಂದು ಪೊಟ್ಟಣವನ್ನು ಹೊರಗಿಟ್ಟರು. ಮಾವ ಒಳಗಿಟ್ಟರು. ಕೊನೆಗೆ ಭರಣಿಗಳೇ ಜಾಗ ಖಾಲಿ ಮಾಡಿದವು.

ಬಿಸಿಲು ಇಳಿದ ಮೇಲೆ ಸಿಂಪಡಣೆ ಆಯಿತು. ಮಾವ ಕಾದರು. ಹೇನುಗಳು ಸಾಯುವುದಿರಲಿ, ಮೈ ತುಂಬಿಕೊಂಡು ಸಂಸಾರ ಬೆಳೆಸಿದವು! ಬ್ರಹ್ಮಾವರಕ್ಕೆ ಫೋನು ಮಾಡಿ ದಬಾಯಿಸಿದರೆ, ಯಾವ ಕ್ಯಾನಿನಲ್ಲಿ ಹೊಡೆದಿರಿ ಎಂದು ಅತ್ತಲಿಂದ ತಣ್ಣಗೆ ಕೇಳಿದರಂತೆ. ಮಾವ ಕ್ಯಾನಿನ ಕಡೆ ನೋಡಿದರು. ಮಳೆಗಾಲದಲ್ಲಿ ಅಡಿಕೆಗೆ ಮೈಲುತುತ್ತು ಹೊಡೆದದ್ದು; ಒಳಗೆಲ್ಲ ಇನ್ನೂ ನೀಲಿ. ಬೂಷ್ಟನ್ನು ಕೊಲ್ಲಲೆಂದೇ ಇರುವ ಮದ್ದಿನ ಕ್ಯಾನಿಗೆ ಬೂಷ್ಟನ್ನೇ ಸುರಿದಿದ್ದರು! ಅತ್ತೆ ಅಂದು ನಕ್ಕದ್ದು ಹೆದ್ದಾರಿಯ ಬಸ್ಸಿನವರಿಗೂ ಕೇಳಿಸಿರಬೇಕು.

ಹೊಸ ಕ್ಯಾನು, ಹೊಸ ಪುಡಿ, ಮತ್ತೆ ಸಂಜೆ. ಈ ಸಲ ಬೂಷ್ಟಿಗೆ ಬೇಕಾದ ತೇವ ಕೊಟ್ಟು ಇಬ್ಬನಿಯೂ ಕೈ ಹಿಡಿಯಿತು. ಕೆಲವೇ ದಿನಗಳಲ್ಲಿ ಹೇನುಗಳು ಬಿಳಿ ಬೂಷ್ಟು ಹೊದ್ದು ಎಲೆಗಂಟಿಕೊಂಡೇ ಸತ್ತಿದ್ದವು. ಬೈಂದೂರಿನಿಂದ ಹೋದ ನನಗೆ ಚಹಾ ಕೊಡುವ ಮೊದಲೇ ಭೂತಗನ್ನಡಿ ಕೊಟ್ಟು ಗದ್ದೆಗೆ ಎಳೆದೊಯ್ದರು. ಆದರೆ ಅಷ್ಟರಲ್ಲಿ ಅರ್ಧ ಗದ್ದೆ ಮುರುಟಿಹೋಗಿತ್ತು.

ಇಷ್ಟು ಹೂ ಕಳೆದುಕೊಳ್ಳುವ ಬದಲು ಎಲ್ಲರಂತೆ ಘಾಟಿನ ಮದ್ದನ್ನೇ ಹೊಡೆಯಬಹುದಿತ್ತಲ್ಲ ಎಂದು ಕೇಳಿಯೇಬಿಟ್ಟೆ. ಮಾವ ಗದ್ದೆಯ ಆ ತುದಿಗೆ ಕೈ ತೋರಿಸಿದರು. ಅತ್ತೆ ಹೂ ಕೊಯ್ಯುತ್ತಿದ್ದರು. ಒಂದೊಂದನ್ನೂ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಆಮೇಲೆ ಬುಟ್ಟಿಗೆ ಹಾಕುತ್ತಿದ್ದರು.

"ಮದಿಯಾಯ್ ಈ ಮನಿಗ್ ಬಂದಾಗ್ಳಿಂದ ಹಾಂಗೇ. ಮೂಸ್ಬೇಡ ಅಂದ್ರೆ ಕೇಂಬುದಿಲ್ಲ" ಎಂದರು ಮಾವ. "ಅವ್ಳ್ ಮೂಸುದ್ ಬಿಡುದಿಲ್ಲ. ಅದ್ಕೆ ನಾನ್ ವಿಷ ಹೊಡುದನ್ನೇ ಬಿಟ್ಟೆ."

ನನಗೆ ಮಾವನ ಮೇಲಂತೂ ಸರಿ, ಆ ಬೂಷ್ಟಿನ ಮೇಲೂ ಅಕ್ಕರೆ ಉಕ್ಕಿತು.