ಮಾವನ ರೈಫಲ್ಲಿಗೊಂದು ಗುರಿಪಟ್ಟಿ

ಹುನಗುಂದ ತಾಲ್ಲೂಕಿನ ಕಾಡುಹಂದಿಗಳಿಗೆ ಎಲ್ಲಕ್ಕಿಂತ ಸುರಕ್ಷಿತವಾದ ಜಾಗ ಯಾವುದು ಗೊತ್ತೇ? ನನ್ನ ಸೋದರಮಾವನ ರೈಫಲ್ಲಿನ ಎದುರು! ಚೇಷ್ಟೆಗೆ ಹೇಳುತ್ತಿಲ್ಲ. ಕಮತಗಿಯ ಹತ್ತಿರ ಮಲಪ್ರಭೆಯ ದಂಡೆಗೆ ಮಾವನ ಹೊಲ. ಅವನಪ್ಪನ ಕಾಲದ ಶಿಕಾರಿ ರೈಫಲ್ಲು, ಬೆಳೆ ಕಾಯಲೆಂದು ಲೈಸೆನ್ಸು, ಬಂದೂಕು ಹೆಗಲಿಗೇರಿದರೆ ತಾನಾಗಿ ಬರುವ ಠೀವಿ, ಎಲ್ಲವೂ ಇದೆ. ಅದರ ಗುಂಡು ಯಾವ ಪ್ರಾಣಿಗಾದರೂ ತಾಗಿದ್ದನ್ನು ಮಾತ್ರ ನಾನು ಕಂಡಿಲ್ಲ.

ಮಾವ ಕೊರಳಲ್ಲಿ ಲಿಂಗ ಕಟ್ಟಿದವನು. ಬೇಕರಿಯಲ್ಲಿ ಕೇಕು ಕೊಟ್ಟರೆ, “ಇದರಾಗ ತತ್ತಿ ಇಲ್ಲಲ್ಲ?” ಎಂದು ಅಂಗಡಿಯವನನ್ನು ವಕೀಲನ ಹಾಗೆ ಪಾಟೀಸವಾಲು ಮಾಡುವವನು. ಇಂಥವನಿಗೆ ರೈಫಲ್ಲು ಯಾಕೆ ಎಂದು ಒಮ್ಮೆ ಕೇಳಿದ್ದೆ.

“ನಾ ಲಿಂಗ ಕಟ್ಟೀನಿ ಅಂತ ಹಂದಿಗೆ ಗೊತ್ತಿಲ್ಲಲೇ ಅಳಿಯಾ!” ಅಂದ.

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ? ಮಾವ ಅದನ್ನು ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಕಳಿಸುತ್ತಾನೆ. ಸಂತೆಗೆ ಹೋದಾಗೆಲ್ಲ ಠಾಣೆಯ ಬಾಗಿಲಲ್ಲಿ ನಿಂತು, “ಆರಾಮ ಐತೇನ್ರಿ?” ಎಂದು ವಿಚಾರಿಸುತ್ತಾನೆ. ಹೊಸದಾಗಿ ಬಂದ ಪೊಲೀಸಿನವನೊಬ್ಬ ಗಾಬರಿಯಾಗಿ ಲಾಕಪ್ಪಿನೊಳಗೆ ಇಣುಕಿ, “ಯಜಮಾನ್ರ, ನಿಮ್ಮವರು ಯಾರೂ ಇಲ್ರೀ ಇಲ್ಲಿ” ಅಂದನಂತೆ.

ಈ ರೈಫಲ್ಲಿನ ಹಿಂಬದಿಯ ಗುರಿಪಟ್ಟಿ ಹೋದ ವರ್ಷ ಕೈಕೊಟ್ಟಿತು. ನಳಿಗೆಯ ಮೇಲೆ, ಕಣ್ಣಿಗೆ ಹತ್ತಿರವಾಗಿ, ನಡುವೆ ಒಂದು ಸಣ್ಣ ಕಚ್ಚು ಇರುವ ಉಕ್ಕಿನ ಪಟ್ಟಿ ಅದು. ಆ ಕಚ್ಚಿನೊಳಗೆ ನಳಿಗೆಯ ತುದಿಯ ಮೊಳೆ ಕಂಡರೆ ಗುರಿ. ಮಾವ ಇದಕ್ಕೆ ಸೈಟು ಅನ್ನುತ್ತಾನೆ. ಬಾಗಲಕೋಟೆಯ ಕಡೆ ಸೈಟು ಅಂದರೆ ನವನಗರದಲ್ಲೋ ಎಂದು ಜನ ಕಿವಿ ನೆಟ್ಟಗೆ ಮಾಡುವುದರಿಂದ ನಾನು ಗುರಿಪಟ್ಟಿ ಅನ್ನುತ್ತೇನೆ.

ಅದು ಕೆಟ್ಟದ್ದಾದರೂ ಹೇಗೆ? ನಮ್ಮತ್ತೆಯ ಭಕ್ತಿಯಿಂದ! ಪ್ರತಿ ದಸರೆಯ ಖಂಡೆಪೂಜೆಗೆ ಕುಡುಗೋಲು, ಕೊಡಲಿ, ರಂಟೆಯ ಜೊತೆಗೆ ರೈಫಲ್ಲನ್ನೂ ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಗುರಿಪಟ್ಟಿಗೇ ಚೆಂಡುಹೂವಿನ ಸರ ಕಟ್ಟಿ ಬಿಗಿದು, ಅದರ ಮುಂದೆಯೇ ಕಾಯಿ ಒಡೆದು, ತೆಂಗಿನ ನೀರನ್ನು ತಲೆಯಿಂದ ಬುಡದವರೆಗೆ ಸುರಿಯುತ್ತಿದ್ದಳು. ವರ್ಷವರ್ಷದ ತೀರ್ಥಕ್ಕೆ ಪಟ್ಟಿಯ ಬುಡ ತುಕ್ಕು ಹಿಡಿದು ಅಳ್ಳಾಡತೊಡಗಿತು. ಮಾವ ಗೊಣಗಿದರೆ ಅತ್ತೆ, “ದೇವರ ನೀರಿಗೆ ಯಾವ ಕಬ್ಬಿಣಾ ತುಕ್ಕ ಹಿಡಿಯೂದಿಲ್ರಿ” ಎಂದು ವಿಜ್ಞಾನಕ್ಕೆ ಮಂಗಳಾರತಿ ಮಾಡಿದಳು.

ಅಂದಿನಿಂದ ಮಾವ ರೈಫಲ್ಲನ್ನು ಗೂಟದಿಂದ ಇಳಿಸಲೇ ಇಲ್ಲ. ಈ ವರ್ಷ ಗೋವಿನಜೋಳ ತೆನೆ ಕಟ್ಟಿತು. ಹಂದಿಗಳು ದಿನಾ ಊಟಕ್ಕೆ ಬಂದವು. ಮಾವ ತಗಡು ಬಡಿದ, ಕೂಗಿದ. ಅವು ಭಜನೆ ಕೇಳಿದ ಹಾಗೆ ಕೇಳುತ್ತ ತಿಂದವು. ಲೈಸೆನ್ಸಿನ ಅವಧಿ ಬೇರೆ ಮುಗಿಯಲು ಬಂದಿತ್ತು. ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಳು: “ಒಂದೋ ಅದನ್ನ ರಿಪೇರಿ ಮಾಡಿ ಇಟ್ಟ ಗುರಿ ಹೊಡದ ತೋರಸ್ರಿ, ಇಲ್ಲಂದ್ರ ಠಾಣೇಕ ಕಾಯಂ ಕೊಟ್ಟ ಬರ್ರಿ. ಗುರಿ ಇಲ್ಲದ ಬಂದೂಕು ಮನ್ಯಾಗ ಬ್ಯಾಡ.”

ಮಾವನ ಮುಖ ಸಣ್ಣದಾಯಿತು. ಅಪ್ಪನ ಕೈಯ ವಸ್ತು. ಅದು ಹೋದರೆ ಮನುಷ್ಯ ಅರ್ಧ ಆಗುತ್ತಾನೆ ಎಂದು ನನಗೂ ಗೊತ್ತಿತ್ತು.

ಬಾಗಲಕೋಟೆಯ ಬಂದೂಕಿನಂಗಡಿಯವರು ರೈಫಲ್ಲನ್ನು ತಿರುಗಿಸಿ ನೋಡಿ, “ಈ ಕಂಪನಿ ಮುಚ್ಚಿದಾಗ ನಮ್ಮಪ್ಪಗ ಮೀಸಿ ಬಂದಿದ್ದಿಲ್ರಿ” ಅಂದರು. ಕೊನೆಗೆ ಎಲ್ಲಿಂದಲೋ ಬೇರೆ ರೈಫಲ್ಲಿನ ಪಟ್ಟಿಯೊಂದನ್ನು ತರಿಸಿಕೊಟ್ಟರು. ಹೊಸ ಪಟ್ಟಿ ನಳಿಗೆಯ ಮೇಲೆ ಅದು ಕೂರುವ ಗಾಡಿಯ ಸೀಳಿಗೆ ಇಳಿಯಲಿಲ್ಲ, ಕೂದಲೆಳೆಯಷ್ಟು ದಪ್ಪ ಹೆಚ್ಚು! ಭಾನುವಾರ ಮಾವ ಇಳಕಲ್ಲಿನಿಂದ ನನ್ನನ್ನು ಕರೆಸಿದ. ನಾನು ಅಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ನನ್ನ ಕಲೆ ಬೇಕಿತ್ತೆಂದು ತಿಳಿದು ಉಬ್ಬಿದೆ. ಬೇಕಾಗಿದ್ದದ್ದು ನನ್ನ ತೂಕ. ಎರಡು ಜೋಳದ ಚೀಲಗಳ ನಡುವೆ ನಳಿಗೆಯನ್ನಿಟ್ಟು, ಮೇಲಿನ ಚೀಲದ ಮೇಲೆ ನನ್ನನ್ನು ಕೂಡಿಸಿದ.

ಮೊದಲು ಒಳಗೆ ಗುಂಡಿಲ್ಲವೆಂದು ತಾನು ನೋಡಿದ, ನನಗೆ ತೋರಿಸಿದ, ಅಡುಗೆಮನೆಗೆ ಹೋಗಿ ಅತ್ತೆಗೂ ತೋರಿಸಿ ಬಂದ. ಆಮೇಲೆ ದೇವರ ದೀಪದ ಮೇಲೆ ಪಟ್ಟಿಯ ಬುಡ ಹಿಡಿದು ಮಸಿ ಮಾಡಿಕೊಂಡ. ಗಾಡಿಗೆ ತೂರಿಸಿ ತೆಗೆದರೆ ಎಲ್ಲಿ ಉಜ್ಜುತ್ತದೋ ಅಲ್ಲಿ ಮಸಿ ಅಳಿಯುತ್ತದೆ. ಅಷ್ಟನ್ನೇ ಅರದಿಂದ ತೀಡುವುದು.

“ಗಾಡಿಯನ್ನೇ ಒಂದಿಷ್ಟು ಅಗಲ ಮಾಡಿದರಾತಲ್ಲ ಮಾವಾ?”

“ಲೇ, ಸೊಸಿ ಹೊಂದಲಿಲ್ಲಂತ ಮನಿ ಗ್ವಾಡಿ ಕೆಡವತಾರೇನ್ಲೇ? ಸುಮ್ನ ಕೂಡು, ಅಳ್ಳಾಡಬ್ಯಾಡ.”

ಕೂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ ಕೂತೆ! ಕೊನೆಗೆ ಬಡಿದು ಕೂರಿಸಬೇಕು. ಕಬ್ಬಿಣದಿಂದ ಬಡಿದರೆ ಗಾಯವಾಗುತ್ತದೆ, ಹಿತ್ತಾಳೆ ಬೇಕು. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದ ಹಿತ್ತಾಳೆ ಕುಟ್ಟಾಣಿಗೆ ಕೈಹಾಕಿದ. ಅತ್ತೆ ಓಡಿ ಬರುವಷ್ಟರಲ್ಲಿ ಪಟ್ಟಿ ಟಕ್ಕೆಂದು ಕೂತಿತ್ತು, ಕುಟ್ಟಾಣಿಯ ತಲೆ ಚಪ್ಪಟೆಯಾಗಿತ್ತು.

ಸಂಜೆ ಹೊಳೆದಂಡೆಯ ಮಣ್ಣಿನ ದಿಬ್ಬಕ್ಕೆ ಎಣ್ಣೆ ಡಬ್ಬಿಯ ಮುಚ್ಚಳ ಸಿಕ್ಕಿಸಿ ಪರೀಕ್ಷೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪರೀಕ್ಷಕಿಯಾಗಿ ನಿಂತಳು. ಮೊದಲ ಗುಂಡು ಎಡಕ್ಕೆ ಹೋಯಿತು. ಪಟ್ಟಿಯನ್ನೂ ಎಡಕ್ಕೆ ಸರಿಸು ಎಂದು ನಾನು. “ಗುಂಡು ಯಾವ ಕಡೆ ಬೇಕೋ ಪಟ್ಟಿ ಆ ಕಡೆ. ನೀ ಮಕ್ಕಳಿಗೆ ಮಾವಿನಹಣ್ಣ ಬರಿಯೂದು ಕಲಸು ಹೋಗು” ಎಂದು ಬಲಕ್ಕೆ ತಟ್ಟಿದ. ಮುಂದಿನದು ಮುಚ್ಚಳದ ಅಂಚು ಹರಿಯಿತು. ಇನ್ನೊಮ್ಮೆ ಮೆಲ್ಲಗೆ ತಟ್ಟಿದ. ಢಂ! ಮುಚ್ಚಳದ ನಟ್ಟನಡುವೆ ತೂತು! ಮತ್ತೆ ಹೊಡೆದ. ಅದೇ ತೂತಿನ ಪಕ್ಕ! ನಾನು ಬಾಯಿ ಮುಚ್ಚುವುದನ್ನು ಮರೆತೆ. ಅತ್ತೆ ಮುಚ್ಚಳ ಕಿತ್ತು ತೂತಿನೊಳಗಿಂದ ನಮ್ಮಿಬ್ಬರನ್ನೂ ನೋಡಿ, “ಪಾಸ್” ಅಂದು ಮನೆಗೆ ಹೋದಳು.

ಹೊತ್ತು ಮುಳುಗುವಾಗ ಹಂದಿಗಳು ಬಂದವು. ದೊಡ್ಡ ಹಂದಿಯೊಂದು ಜೋಳದ ಸಾಲಿನಿಂದ ಹೊರಬಂದು ಬಯಲಿಗೆ ನಿಂತಿತು, ಮುಚ್ಚಳಕ್ಕಿಂತ ಹತ್ತಿರ. ಮಾವ ಒಡ್ಡಿನ ಮೇಲೆ ಮೊಣಕಾಲೂರಿ, ಉಸಿರು ಬಿಗಿಹಿಡಿದು ಹೊಡೆದ. ಹಂದಿಯ ಬದಿಯಲ್ಲಿ ಒಂದು ಮಣ್ಣಿನ ಹೆಂಟೆ ಸಿಡಿದು ಪುಡಿಯಾಯಿತು. ಹಿಂಡು ಕಾಲಿಗೆ ಬುದ್ಧಿ ಹೇಳಿತು.

ನಾನು ಬಿದ್ದು ಬಿದ್ದು ನಕ್ಕೆ. “ಇಷ್ಟೆಲ್ಲಾ ಮಾಡಿ ಮತ್ತ ತಪ್ಪಿತಲ್ಲ ಮಾವಾ!”

ಮಾವ ನಗಲಿಲ್ಲ. “ತಪ್ಪಿಲ್ಲ. ಆ ಹೆಂಟೀಗೇ ಇಟ್ಟಿದ್ದೆ.”

ನಾನು ಒಡ್ಡಿನ ಮೇಲೆ ಅವನ ಪಕ್ಕ ಕೂತೆ.

“ಹ್ವಾದ ವರ್ಷಾನೂ ಹಿಂಗ ಬಾಜೂಕ ಇಟ್ಟಿದ್ದೆಪಾ. ಪಟ್ಟಿ ಅಳ್ಳಾಡಿ ಗುಂಡು ಹಂದೀಗೇ ತಾಗಿಬಿಡ್ತು. ಮರಿ ಇದ್ದ ಹಂದಿ ಅದು.” ರೈಫಲ್ಲನ್ನು ಮಡಿಲಲ್ಲಿಟ್ಟುಕೊಂಡ. “ನನ್ನ ತಂಬಿಗಿಯಿಂದ ನೀರು ಬಿಟ್ಟೆ. ಕುಡೀಲಿಲ್ಲ. ಮರಿ ಸುತ್ತಮುತ್ತ ನಿಂತಿದ್ವು, ಹೋಗವಲ್ಲವು. ಗುಂಡು ಎಲ್ಲಿ ಹೋಗ್ತೈತಿ ಅಂತ ಖಾತ್ರಿ ಇಲ್ಲದ ತಪ್ಪಸೂದಾದ್ರೂ ಹೆಂಗಲೇ?”

ಇಷ್ಟು ವರ್ಷ ಇವನ ಗುರಿಯನ್ನು ಆಡಿಕೊಂಡು ನಕ್ಕವರಲ್ಲಿ ನಾನೇ ಮೊದಲಿಗ. ಅವನ ತೋಳು ಹಿಡಿದು ಎಬ್ಬಿಸಿದೆ.

ಮನೆಯ ಹೊಸ್ತಿಲಲ್ಲಿ ಅತ್ತೆ ನಿಂತಿದ್ದಳು. ಢಂ ಎಂದದ್ದು ಅವಳಿಗೂ ಕೇಳಿಸಿತ್ತು. ಮಾವನ ಮುಖವನ್ನೇ ನೋಡುತ್ತ ಸಣ್ಣ ದನಿಯಲ್ಲಿ ಕೇಳಿದಳು: “ತಾಗ್ತೇನ್ರಿ?”

“ಇಲ್ಲ.”

ಅತ್ತೆ ತಡೆಹಿಡಿದಿದ್ದ ಉಸಿರು ಬಿಟ್ಟಳು. ಅವನ ಹೆಗಲಿನಿಂದ ರೈಫಲ್ಲು ಇಳಿಸಿಕೊಂಡು, ಸೆರಗಿನಿಂದ ಅದರ ಧೂಳು ಒರೆಸಿ, “ನಾಳೆ ಹೋಗಿ ಲೈಸೆನ್ಸ್ ರಿನೀವಲ್ ಮಾಡಿಸ್ಕೊಂಡ ಬರ್ರಿ” ಅಂದಳು. “ಈಗ ಕೈಕಾಲ ತೊಳಕೋರಿ, ಬಿಸಿ ರೊಟ್ಟಿ ಬಡೀತೇನಿ.”